ಬರಗಾಲ, ರೈಲುದಾರಿ ಮತ್ತು ನಮ್ಮ ಮನೆಯ ಸಂಜೆಯ ಪ್ರಾರ್ಥನೆ



ಕಡೂರಿನಲ್ಲಿ ನನ್ನ ಬಳಿ ಚರಿತ್ರೆ ಕಲಿತು ಈಗ ತಾವೇ ಉಪಾಧ್ಯಾಯರಾಗಿರುವ ಒಬ್ಬರು ಒಂದು ಕಾಗದ ಬರೆದಿದ್ದಾರೆ. "ಮೇಷ್ಟ್ರೇ, ಅಮೃತಾಪುರದ ದೇವಾಲಯದ ವಿಷಯ ಬರೆದಿರಿ, ಅಯ್ಯನಕೆರೆಯ ವಿಷಯ ಬರೆದಿರಿ, ಅಮೃತಮಹಲ್ ಹಸುಗಳ ವಿಷಯವನ್ನಂತೂ ಮೂರು ಸಲ ಬರೆದಿರಿ. ನಿಮ್ಮ ಮತದ ವಿಷಯ ಒಂದು ಸಾಲನ್ನೂ ಬರೆಯಲಿಲ್ಲ. ನಮ್ಮ ಸೀಮೆಗೆ ಕ್ರೈಸ್ತರು ಹೇಗೆ ಬಂದರು? ಆ ನಂಬಿಕೆಯಿಂದ ನಿಮ್ಮ ಮನೆಯವರಿಗೆ ನಿಜವಾಗಿ ದೊರೆತದ್ದೇನು?" ಎಂದು ಕೇಳಿದ್ದಾರೆ. ಮೊದಲನೆಯ ಪ್ರಶ್ನೆ ಚರಿತ್ರೆಯದು. ಅದಕ್ಕೆ ಉತ್ತರ ಕೊಡಬಹುದು. ಎರಡನೆಯದಕ್ಕೆ ಉತ್ತರ ಕೊಡುವ ಅಭ್ಯಾಸ ನನಗಿಲ್ಲ. ನಮ್ಮ ಮನೆಯಲ್ಲಿ ನಂಬಿಕೆಯ ಬಗ್ಗೆ ಮಾತನಾಡುತ್ತಿರಲಿಲ್ಲ, ಸಂಜೆ ದೀಪ ಹಚ್ಚಿದ ಮೇಲೆ ಪ್ರಾರ್ಥನೆ ಮಾಡುತ್ತಿದ್ದೆವು, ಅಷ್ಟೇ. ಆದರೂ ಮೊದಲನೆಯದನ್ನು ಹೇಳಹೊರಟರೆ ಎರಡನೆಯದು ತಾನಾಗಿಯೇ ಬಂದೀತೆಂದು ಭಾವಿಸಿ ಬರೆಯುತ್ತಿದ್ದೇನೆ.

ಚಿಕ್ಕಮಗಳೂರು ಜಿಲ್ಲೆಯನ್ನು ಹಿಂದೆ ಕಡೂರು ಜಿಲ್ಲೆಯೆಂದೇ ಕರೆಯುತ್ತಿದ್ದರೆಂಬುದು ನಿಮಗೆಲ್ಲ ತಿಳಿದದ್ದೇ. 1865ರಲ್ಲಿ ಕಚೇರಿಗಳು ಕಡೂರಿನಿಂದ ಚಿಕ್ಕಮಗಳೂರಿಗೆ ಹೋದವು. ಹೆಸರು ಮಾತ್ರ ಬಹುಕಾಲ ಉಳಿಯಿತು. ಈ ಜಿಲ್ಲೆಯ ಕ್ರೈಸ್ತರ ಚರಿತ್ರೆ ಬರೆದವರೆಲ್ಲರೂ ಬಾಬಾಬುಡನ್ ಗಿರಿಯ ಆಚೆಗಿನ ಕಾಫಿ ತೋಟಗಳನ್ನೇ ನೋಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದ ಕಥೋಲಿಕರು, ತೋಟದ ಕೆಲಸಕ್ಕೆ ಬಂದ ತಮಿಳು ಕುಟುಂಬಗಳು, ಆಂಗ್ಲ ತೋಟಗಾರರು ಎಲ್ಲರೂ ಅಲ್ಲಿಯೇ ಇದ್ದರು. 1963ರಲ್ಲಿ ಚಿಕ್ಕಮಗಳೂರು ಪ್ರತ್ಯೇಕ ಕಥೋಲಿಕ ಧರ್ಮಪ್ರಾಂತವಾಯಿತು. ಗಿರಿಯ ಈಚೆಗೆ, ಮಳೆ ಬೆನ್ನು ತಿರುಗಿಸುವ ಬಯಲಿನಲ್ಲಿ, ಅಂದರೆ ಕಡೂರು, ಬೀರೂರು, ಅಜ್ಜಂಪುರಗಳಲ್ಲಿ ಮತ್ತು ಅರ್ಧ ಮಲೆನಾಡು ಅರ್ಧ ಬಯಲಾದ ತರೀಕೆರೆಯಲ್ಲಿ ಇದ್ದವರು ಬೆರಳೆಣಿಕೆಯ ಮನೆಯವರು. ಅವರನ್ನು ಅಲ್ಲಿಗೆ ತಂದದ್ದು ಕಾಫಿಯಲ್ಲ. ನಮ್ಮ ಮನೆಯ ಮಟ್ಟಿಗೆ ಹೇಳುವುದಾದರೆ, ತಂದದ್ದು ಒಂದು ಬರಗಾಲ ಮತ್ತು ಒಂದು ರೈಲುದಾರಿ.

ಬರಗಾಲವೆಂದರೆ 1876ರಿಂದ 78ರವರೆಗಿನ ಮಹಾಕ್ಷಾಮ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದದ್ದರಿಂದ ಹಿರಿಯರು ಅದನ್ನು ಧಾತು-ಈಶ್ವರ ಬರವೆನ್ನುತ್ತಿದ್ದರು. ಆಗ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ತರಗತಿಯಲ್ಲಿ ಈ ಎರಡು ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು ಕಳೆಯಿರಿ ಎಂದು ಹೇಳುತ್ತಿದ್ದೆ, ನೆನಪಿದೆಯೇ? ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಸುಮಾರು 8 ಲಕ್ಷ 70 ಸಾವಿರದಷ್ಟು ಇಳಿದಿತ್ತು. ಮಲೆನಾಡು ಹೇಗೋ ತಡೆದುಕೊಂಡಿತು. ಬಯಲುಸೀಮೆಯಲ್ಲಿ ಊರಿಗೆ ಊರೇ ಬರಿದಾಯಿತು. ಜನ ಗಂಜಿಕೇಂದ್ರಗಳನ್ನು ಹುಡುಕಿಕೊಂಡು ರಸ್ತೆಗಿಳಿದರು. ಬಹಳ ಮಂದಿ ರಸ್ತೆಯಲ್ಲಿಯೇ ಉಳಿದರು. ಬೆಂಗಳೂರು-ಮೈಸೂರು ರೈಲುದಾರಿಯ ಮಣ್ಣಿನ ಕೆಲಸ ನಡೆದದ್ದು ಈ ಹಸಿದವರ ಕೈಯಿಂದಲೇ, ಕ್ಷಾಮ ಪರಿಹಾರದ ಕಾಮಗಾರಿಯಾಗಿ.

ಸತ್ತ ತಂದೆತಾಯಿಗಳ ಪಕ್ಕದಲ್ಲಿ ಬದುಕಿ ಉಳಿದ ಮಕ್ಕಳನ್ನು ಏನು ಮಾಡುವುದೆಂಬ ಪ್ರಶ್ನೆ ಎದ್ದಾಗ ಮಿಷನ್‌ಗಳು ಅವರನ್ನು ತೆಗೆದುಕೊಂಡವು. ವೆಸ್ಲಿಯನ್ ಮಿಷನ್ನಿನವರು ತುಮಕೂರಿನಲ್ಲಿ ಹುಡುಗರಿಗಾಗಿ, ಹಾಸನದಲ್ಲಿ ಹುಡುಗಿಯರಿಗಾಗಿ ಅನಾಥಾಲಯಗಳನ್ನು ನಡೆಸಿದರು. ಕಥೋಲಿಕರು ನೆಲಮಂಗಲದ ಬಳಿ ಸಿಲುವೆಪುರವೆಂಬ ಊರನ್ನೇ ಕಟ್ಟಿ ಅಂಥ ಮಕ್ಕಳನ್ನು ನೆಲೆಗೊಳಿಸಿದರು. ನಮ್ಮ ಮುತ್ತಜ್ಜ ತುಮಕೂರಿನ ಆ ಮಕ್ಕಳಲ್ಲಿ ಒಬ್ಬರು. ಆಗ ಅವರಿಗೆ ಐದಾರು ವರ್ಷವಿದ್ದೀತು. ತಮ್ಮ ಊರು ಯಾವುದೆಂದು ಅವರಿಗೆ ತಿಳಿದಿರಲಿಲ್ಲ. ಒಂದು ಹುಣಿಸೆಮರ, ಅದರ ಕೆಳಗೆ ಒಂದು ಕಲ್ಲಿನ ತೊಟ್ಟಿ, ಇಷ್ಟು ಮಾತ್ರ ಜ್ಞಾಪಕವಿತ್ತಂತೆ. ಬಯಲುಸೀಮೆಯಲ್ಲಿ ಹುಣಿಸೆಮರವೂ ಕಲ್ಲುತೊಟ್ಟಿಯೂ ಇಲ್ಲದ ಊರು ಯಾವುದಿದೆ ಹೇಳಿ! ಮುತ್ತಜ್ಜಿ ಹಾಸನದ ಅನಾಥಾಲಯದವರು. ಹೀಗಾಗಿ ನಮ್ಮ ವಂಶವೃಕ್ಷ ಎರಡು ಹೆಸರುಗಳಿಂದ ಆರಂಭವಾಗುತ್ತದೆ. ಅದರ ಹಿಂದಿರುವುದೆಲ್ಲ ಖಾಲಿ. "ನೀವು ಮೊದಲು ಯಾವ ಪೈಕಿ?" ಎಂದು ಕೇಳುವವರು ನಮ್ಮ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಗೊತ್ತಿಲ್ಲವೆಂದರೆ ಮುಚ್ಚಿಡುತ್ತಿದ್ದಾರೆಂದು ತಿಳಿಯುತ್ತಾರೆ. ನಿಜವಾಗಿಯೂ ಗೊತ್ತಿಲ್ಲ.

ಇಲ್ಲಿ ಒಂದು ವಿಷಯವನ್ನು ಬಿಚ್ಚಿ ಹೇಳಬೇಕು. ಗಂಜಿಗಾಗಿ ಜಾತಿ ಕೊಟ್ಟವರೆಂಬ ಮಾತನ್ನು ನಾನು ಶಾಲೆಯಲ್ಲಿದ್ದಾಗಲೇ ಕೇಳಿದ್ದೇನೆ. ಎಂಟೋ ಒಂಬತ್ತೋ ವಯಸ್ಸಿನಲ್ಲಿ ಹಾಗೆ ಕೇಳಿಸಿಕೊಂಡು ಅಳುತ್ತ ಮನೆಗೆ ಬಂದಾಗ ತಾತ ಬೀಡಿ ಸೇದುತ್ತ ಜಗಲಿಯ ಮೇಲೆ ಕುಳಿತಿದ್ದರು. "ಹೂಂ ಮಗಾ, ನಮ್ಮಪ್ಪ ಗಂಜಿ ಕುಡಿದೇ ಬದುಕಿದ್ದು. ಕುಡೀದೆ ಇದ್ದೋರು ಹೇಳಕ್ಕೆ ಉಳಿದಿಲ್ಲ" ಎಂದರು. ಆ ಮೇಲೆ ಆ ಮಾತು ನನಗೆ ಅಷ್ಟಾಗಿ ಚುಚ್ಚಲಿಲ್ಲ. ಚರಿತ್ರೆಯ ವಿದ್ಯಾರ್ಥಿಯಾಗಿ ಇದಕ್ಕೆ ಇನ್ನೊಂದು ಮಾತು ಸೇರಿಸಬೇಕು. ಐದು ವರ್ಷದ ಮಗು ಮತವನ್ನು ಆರಿಸಿಕೊಳ್ಳುವುದಿಲ್ಲ. ಮಿಷನ್‌ಗಳಿಗೆ ಕರುಣೆಯೂ ಇತ್ತು, ಸಭೆಯ ಲೆಕ್ಕ ಬೆಳೆಯಲೆಂಬ ಆಸೆಯೂ ಇತ್ತು; ಎರಡನ್ನೂ ಬೇರೆ ಮಾಡಿ ತೂಗುವುದು ಕಷ್ಟ. ಮುತ್ತಜ್ಜನಿಗೆ ದೀಕ್ಷಾಸ್ನಾನ ಕೊಟ್ಟದ್ದು ಬೇರೆಯವರು. ಆದರೆ ಅನಾಥಾಲಯದಿಂದ ಹೊರಬಿದ್ದ ಮೇಲೆ, ಸಂಬಳ ಕೊಡುವವರು ಮಿಷನ್ನಿನವರಲ್ಲದ ಮೇಲೆ, ಕೇಳುವವರು ಯಾರೂ ಇಲ್ಲದ ರೈಲ್ವೆ ಲೈನಿನ ಮನೆಯಲ್ಲಿ ಪ್ರತಿ ಸಂಜೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಪ್ರಾರ್ಥಿಸಿದ್ದು ಅವರೇ. ಅದನ್ನು ಗಂಜಿಯ ಲೆಕ್ಕಕ್ಕೆ ಸೇರಿಸಲಾಗದು.

ರೈಲುದಾರಿಯ ಕಥೆ ಚಿಕ್ಕದು. ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. 1889ರಲ್ಲಿ ಗುಬ್ಬಿಯಿಂದ ಹರಿಹರದವರೆಗೆ ದಾರಿ ಪೂರ್ಣವಾಯಿತು. ಅರಸೀಕೆರೆ ದಾಟಿ ಕಡೂರು, ಬೀರೂರು, ಅಜ್ಜಂಪುರಗಳ ಮೇಲೆ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಗಾಡಿಗಳು ಓಡತೊಡಗಿದವು. 1899ರಲ್ಲಿ ಬೀರೂರಿನಿಂದ ಕವಲೊಡೆದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಇನ್ನೊಂದು ದಾರಿಯಾಯಿತು. ಬೀರೂರು ಜಂಕ್ಷನ್ ಆದದ್ದು ಹಾಗೆ. ಅನಾಥಾಲಯದಲ್ಲಿ ಮರಗೆಲಸ ಕಲಿತಿದ್ದ ಮುತ್ತಜ್ಜ ಈ ಶಿವಮೊಗ್ಗದ ದಾರಿಯ ಕೆಲಸಕ್ಕೆಂದು ಬೀರೂರಿಗೆ ಬಂದವರು ಅಲ್ಲಿಯೇ ನಿಂತರು. ತಾತ ಅಜ್ಜಂಪುರದ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆದರು. ನಮ್ಮ ತಂದೆಯವರು ಮೇಷ್ಟರಾದರು, ನಾನೂ ಮೇಷ್ಟರಾದೆ. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಊರುಗಳ ಆಚೆಗೆ ನನಗೆ ವರ್ಗವಾದದ್ದು ಒಂದೇ ಸಲ.

ಬಂದ ರೈಲು ಒಳ್ಳೆಯದನ್ನಷ್ಟೇ ತರಲಿಲ್ಲ. 1898ರ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿಯೇ ಪ್ಲೇಗು ಬೆಂಗಳೂರಿಗೆ ಬಂತು; ಮುಂದೆ ವರ್ಷಗಳ ಕಾಲ ಅದು ಈ ದಾರಿಯ ಊರುಗಳನ್ನು ಬಿಡಲಿಲ್ಲ. ಇಲಿ ಬಿದ್ದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವುದು ವಾಡಿಕೆಯಾಯಿತು. ರೈಲ್ವೆಯ ಕೆಲಸದವರು ಹಾಗೆ ದೂರ ಹೋಗುವಂತಿರಲಿಲ್ಲ. ಮುತ್ತಜ್ಜನ ಎರಡನೆಯ ಮಗ ಆಗ ತೀರಿಕೊಂಡನೆಂದು ಮನೆಯಲ್ಲಿ ಹೇಳುತ್ತಿದ್ದರು. ಬರದಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಮನುಷ್ಯ ಪ್ಲೇಗಿನಲ್ಲಿ ಮಗನನ್ನು ಕಳೆದುಕೊಂಡರು. ಆದರೂ ಸಂಜೆಯ ಪ್ರಾರ್ಥನೆ ನಿಲ್ಲಲಿಲ್ಲವಂತೆ. ಏಕೆ ನಿಲ್ಲಲಿಲ್ಲವೆಂಬುದನ್ನು ಅವರು ಯಾರಿಗೂ ವಿವರಿಸಿದಂತೆ ಕಾಣುವುದಿಲ್ಲ.

ಇದಕ್ಕೆ ನಾನು ಕಂಡುಕೊಂಡ ಉತ್ತರ, ಅದು ಉತ್ತರವೇ ಆಗಿದ್ದರೆ, ಎರಡು ಕನ್ನಡ ಮಾತುಗಳಲ್ಲಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲನ್ನು ಅನುವಾದಿಸತೊಡಗಿದರು. ಕನ್ನಡ-ಇಂಗ್ಲಿಷ್ ನಿಘಂಟು ರಚಿಸಿದ ವಿಲಿಯಂ ರೀವ್ ಅವರ ಜೊತೆಗಾರರು. 1831ರ ಹೊತ್ತಿಗೆ ಇಡೀ ಗ್ರಂಥ ಕನ್ನಡದಲ್ಲಿ ಅಚ್ಚಾಗಿತ್ತು. ಮುಂದೆ ಬಾಸೆಲ್ ಮಿಷನ್ನಿನ ವೈಗ್ಲೆ, ಮೋಗ್ಲಿಂಗ್ ಮೊದಲಾದವರು ಅದನ್ನು ತಿದ್ದಿದರು. ಪರದೇಶದ ಭಾವನೆಯೊಂದಕ್ಕೆ ಕನ್ನಡದ ಪದ ಹುಡುಕುವುದು ಸುಲಭವಲ್ಲ. ನಾಳೆಯ ಬಗ್ಗೆ ಮನುಷ್ಯ ಇಟ್ಟುಕೊಳ್ಳುವ ನಂಬುಗೆಗೆ ಅವರು ಆಸೆ ಎಂಬ ಪದವನ್ನು ಆರಿಸಬಹುದಾಗಿತ್ತು. ನಮ್ಮಲ್ಲಿ ಆಸೆಯೆಂದರೆ ಬಿಡಬೇಕಾದದ್ದು, ದುಃಖಕ್ಕೆ ಮೂಲವಾದದ್ದು. ನಮ್ಮ ಮನೆಯಲ್ಲಿ ಓದುತ್ತಿದ್ದ ಸತ್ಯವೇದದಲ್ಲಿ ಇರುವ ಪದ ನಿರೀಕ್ಷೆ. ಸಂಸ್ಕೃತದಲ್ಲಿ ಅದರ ಮೂಲಾರ್ಥ ನೋಡುವುದು, ದಿಟ್ಟಿಸುವುದು. ಕನ್ನಡದಲ್ಲಿ ಅದು ಬರಬೇಕಾದವರ ದಾರಿ ನೋಡುತ್ತ ಇರುವುದಾಗಿದೆ. ಭರವಸೆ ಎಂಬ ಪದವೂ ಈಗಿನ ಪ್ರಾರ್ಥನೆಗಳಲ್ಲಿ ಬಳಕೆಗೆ ಬಂದಿದೆ, ಅದೂ ಒಳ್ಳೆಯ ಪದವೇ. ಆದರೆ ರೈಲ್ವೆಯವರ ಮನೆಯಲ್ಲಿ ಬೆಳೆದ ನನಗೆ ನಿರೀಕ್ಷೆಯೇ ಹತ್ತಿರ. ಸ್ಟೇಷನ್ನಿನ ನಿರೀಕ್ಷಣಾ ಕೊಠಡಿಯ ಫಲಕವನ್ನೂ ಕೊರಿಂಥದವರಿಗೆ ಪೌಲನು ಬರೆದ ಪತ್ರಿಕೆಯನ್ನೂ ಒಂದೇ ವಯಸ್ಸಿನಲ್ಲಿ ಕೂಡಿಸಿ ಓದಲು ಕಲಿತವನು ನಾನು! ತಾತ ಗಾಡಿ ತಡವಾದ ರಾತ್ರಿಗಳಲ್ಲಿ ಲಾಟೀನು ಹಿಡಿದು ಪಾಯಿಂಟಿನ ಬಳಿ ನಿಲ್ಲುತ್ತಿದ್ದರು. ಗಾಡಿ ಬರುವುದೋ ಇಲ್ಲವೋ ಎಂದು ಅವರು ಚಿಂತಿಸುತ್ತಿರಲಿಲ್ಲ. ಲಾಟೀನಿಗೆ ಎಣ್ಣೆ ಇದೆಯೇ ಎಂದು ನೋಡಿಕೊಳ್ಳುತ್ತಿದ್ದರು.

ಇನ್ನೊಂದು ಮಾತು ಸಮಾಧಾನ. ಸತ್ಯವೇದದಲ್ಲಿ ಶಾಂತಿ ಎಂಬ ಪದವೂ ಇದೆ, ಸಮಾಧಾನವೂ ಇದೆ. ಶಾಂತಿಯೆಂದರೆ ಗದ್ದಲ ಅಡಗಿದ ಸ್ಥಿತಿ. ಸಮಾಧಾನವನ್ನಾದರೋ ಮಾಡಬೇಕು, ಹೇಳಬೇಕು, ತಂದುಕೊಳ್ಳಬೇಕು. ಚದುರಿದ್ದನ್ನು ಕೂಡಿಸಿ ಸರಿಯಾಗಿ ಇಡುವುದು ಆ ಪದದ ಮೂಲಾರ್ಥ. ಅಳುವ ಮಗುವಿಗೆ ಸಮಾಧಾನ ಮಾಡುತ್ತೇವೆ, ಜಗಳವಾಡಿದ ದಾಯಾದಿಗಳಿಗೆ ಸಮಾಧಾನ ಹೇಳುತ್ತೇವೆ. ದೇವರಿಂದ ಬರುವ ಶಾಂತಿಗೆ ಇಂಥ ಅಡುಗೆಮನೆಯ, ಪಂಚಾಯಿತಿ ಕಟ್ಟೆಯ ಪದವನ್ನೂ ಬಳಸಿದವರು ಕನ್ನಡವನ್ನು ಪುಸ್ತಕದಿಂದ ಮಾತ್ರ ಕಲಿತವರಲ್ಲವೆಂಬುದು ನನ್ನ ಅಭಿಪ್ರಾಯ.

ಇವೆರಡೂ ನಮ್ಮ ಮನೆಯಲ್ಲಿ ಹೇಗೆ ನಡೆಯುತ್ತಿದ್ದವೆಂದರೆ, ಮೊದಲು ಹಿಡಿ ರಾಗಿಯ ವಿಷಯ ಹೇಳಬೇಕು. ಅಜ್ಜಿ ಪ್ರತಿದಿನ ಬೀಸುವುದಕ್ಕೆ ರಾಗಿ ಅಳೆದುಕೊಂಡ ಮೇಲೆ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕುತ್ತಿದ್ದರು. ತಿಂಗಳಿಗೊಮ್ಮೆ ಆ ರಾಗಿ ಸಭೆಗೋ, ಬಾಗಿಲಿಗೆ ಬಂದವರಿಗೋ ಹೋಗುತ್ತಿತ್ತು. ಹಲವು ಕ್ರೈಸ್ತ ಮನೆಗಳಲ್ಲಿ ಹಿಡಿ ಅಕ್ಕಿಯ ಪದ್ಧತಿ ಇದೆ. ಅಕ್ಕಿ ಕಾಣದ ನಮ್ಮ ಸೀಮೆಯಲ್ಲಿ ಅದು ರಾಗಿಯಾಯಿತು. ಮುತ್ತಜ್ಜಿ ಹಾಕಿಕೊಟ್ಟ ಕಟ್ಟಳೆ ಏನೆಂದರೆ, ಮನೆಯಲ್ಲಿ ರಾಗಿ ಕಡಿಮೆಯಿದ್ದ ದಿನ ಹಿಡಿ ಚಿಕ್ಕದಾಗಬಹುದು, ತಪ್ಪಬಾರದು. ಬರದಲ್ಲಿ ಬದುಕಿ ಉಳಿದವರು ಧಾನ್ಯವನ್ನು ಬಚ್ಚಿಡುವುದು ಸಹಜ. ನಾಳೆಯೂ ರಾಗಿ ಇರುತ್ತದೆಂದು ಇಂದು ಒಂದು ಹಿಡಿ ತೆಗೆದಿಡುವುದಕ್ಕೆ ಆಕೆಗೆ ಎಷ್ಟು ಧೈರ್ಯ ಬೇಕಾಗಿತ್ತೆಂಬುದು ನನಗೆ ಅರ್ಥವಾದದ್ದು ಕ್ಷಾಮದ ಚರಿತ್ರೆಯನ್ನು ಓದಿದ ಮೇಲೆ.

ಅಜ್ಜಂಪುರದಲ್ಲಿ ನಮ್ಮ ಬಾಲ್ಯದ ಆರಾಧನೆ ಮನೆಯಲ್ಲಿಯೇ ನಡೆಯುತ್ತಿತ್ತು. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಅಯ್ಯನವರು ಬರುತ್ತಿದ್ದರು. ಉಳಿದ ಭಾನುವಾರಗಳಲ್ಲಿ ತಂದೆಯವರು ಓದುತ್ತಿದ್ದರು, ಎರಡು ಮೂರು ಮನೆಯವರು ಸೇರುತ್ತಿದ್ದರು. 1947ರ ಸೆಪ್ಟೆಂಬರಿನಲ್ಲಿ ವೆಸ್ಲಿಯನ್ನರೂ ಇತರರೂ ಕೂಡಿ ದಕ್ಷಿಣ ಇಂಡಿಯಾ ಸಭೆಯಾದಾಗ ನಮ್ಮ ಮನೆಯ ಮಟ್ಟಿಗೆ ಬದಲಾದದ್ದು ಪುಸ್ತಕದ ಮೇಲಿನ ಹೆಸರು ಮಾತ್ರವೆಂದು ತಂದೆಯವರು ನಗುತ್ತಿದ್ದರು. 23ನೆಯ ಕೀರ್ತನೆ ನಮಗೆ ಬಾಯಿಪಾಠ. ದೇವರನ್ನು ಕುರುಬನೆಂದು ಕರೆಯುವ ಆ ಕೀರ್ತನೆಗೆ ಪಟ್ಟಣದ ಮಕ್ಕಳು ಚಿತ್ರದ ಪುಸ್ತಕ ನೋಡಬೇಕಾಗಬಹುದು. ನಮಗೆ ಬೇಕಾಗಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಕುರುಬರು ಹೊಲಗಳಲ್ಲಿ ಮಂದೆ ನಿಲ್ಲಿಸುತ್ತಿದ್ದರು. ಸಂಜೆ ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ಆಗತಾನೆ ಹುಟ್ಟಿದ ಮರಿ, ಬಾಯಲ್ಲಿ ಬೈಗುಳ! ಒಂದು ಕುರಿ ಕಡಿಮೆಯಾದರೆ ಕತ್ತಲಲ್ಲಿ ಮತ್ತೆ ಕಾವಲಿನ ಕಡೆಗೆ ನಡೆಯುತ್ತಿದ್ದ. ದೇವರು ಬೈಯುತ್ತಾನೆಯೇ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ತಂದೆಯವರು, "ಹುಡುಕಿಕೊಂಡು ಹೋಗುವಾಗ ಬೈದುಕೊಳ್ಳಬಹುದು" ಎಂದಿದ್ದರು.

ಈಗ ಬರೆಯಲು ಕಷ್ಟವಾದ ಭಾಗಕ್ಕೆ ಬರುತ್ತೇನೆ. ಬಂಧುಗಳಲ್ಲಿ ಹಿರಿಯರಿಗೆ ಇದು ತಿಳಿದಿದೆ, ಕಿರಿಯರಿಗೆ ತಿಳಿದಿರಲಾರದು. 1953ರಲ್ಲಿ ನನ್ನ ತಂಗಿ ಗಂಟಲುಮಾರಿಯಿಂದ ತೀರಿಕೊಂಡಳು. ನಾಲ್ಕು ವರ್ಷದ ಮಗು. ಜ್ವರ ಬಂದ ಮೂರನೆಯ ದಿನ ಉಸಿರು ಸಿಕ್ಕಿಕೊಂಡಿತು. ಬೆಳಗಿನ ಗಾಡಿಗೆ ಕರೆದುಕೊಂಡು ಹೋಗಬೇಕೆಂದಿದ್ದರು, ಬೆಳಗಾಗಲಿಲ್ಲ. ಹೂಳುವುದಕ್ಕೆ ನಮಗೆಂದು ಪ್ರತ್ಯೇಕ ಜಾಗವಿರಲಿಲ್ಲ. ಪಕ್ಕದ ಹಳ್ಳಿಯ ಗೌಡರೊಬ್ಬರು ತಾವಾಗಿಯೇ ಬಂದು, "ಮೇಷ್ಟ್ರೇ, ನಮ್ಮ ಹೊಲದ ಬದುವಿನಲ್ಲಿ ಹೊಂಗೆಮರದ ಕೆಳಗೆ ಇಡಿ. ಅಲ್ಲಿಗೆ ನೇಗಿಲು ಹೋಗಲ್ಲ" ಎಂದರು. ಅವರು ಇದ್ದಷ್ಟು ಕಾಲವೂ ಅಲ್ಲಿಗೆ ನೇಗಿಲು ಹೋಗಲಿಲ್ಲ, ಅವರ ಮಗನ ಕಾಲದಲ್ಲಿಯೂ ಹೋಗಲಿಲ್ಲ.

ಆ ದಿನ ಸಂಜೆಯೂ ತಂದೆಯವರು ದೀಪ ಹಚ್ಚಿ ಪ್ರಾರ್ಥನೆಗೆ ಕುಳಿತರು. ಕೊನೆಯಲ್ಲಿ ಎಲ್ಲರೂ ಒಟ್ಟಾಗಿ ಕರ್ತನ ಪ್ರಾರ್ಥನೆಯನ್ನು ಹೇಳುವುದು ಪದ್ಧತಿ. ಅದರಲ್ಲಿ ದೇವರ ಚಿತ್ತ ನೆರವೇರಲೆಂದು ಬೇಡುವ ಮಾತೊಂದಿದೆ. ಆ ಮಾತು ಬಂದಾಗ ತಾಯಿಯವರು ಬಾಯಿ ಮುಚ್ಚಿಕೊಂಡರು. ಅದು ದಾಟಿದ ಮೇಲೆ ಮತ್ತೆ ನಮ್ಮ ಜೊತೆ ಸೇರಿಕೊಂಡರು. ಮರುದಿನವೂ ಹಾಗೆಯೇ, ವಾರವಾದರೂ ಹಾಗೆಯೇ. ಒಂಬತ್ತು ವರ್ಷದ ನನಗೆ ಇದು ಕೇಳಿಸುತ್ತಿತ್ತು; ಐದು ದನಿಗಳಲ್ಲಿ ಒಂದು ದನಿ ಒಂದು ವಾಕ್ಯದ ಮಟ್ಟಿಗೆ ಇಲ್ಲವಾಗುತ್ತಿತ್ತು. ತಂದೆಯವರಿಗೂ ತಾತನಿಗೂ ಕೇಳಿಸಿಯೇ ಇರಬೇಕು. ಯಾರೂ ಏನೂ ಅನ್ನಲಿಲ್ಲ. ಆ ಬಾರಿ ಬಂದ ಅಯ್ಯನವರಿಗೂ ಅದು ಗೊತ್ತಾಯಿತು. ಅವರೂ ಉಪದೇಶ ಮಾಡಲಿಲ್ಲ. ಹೋಗುವಾಗ ತಾಯಿಯವರ ತಲೆಯ ಮೇಲೆ ಕೈಯಿಟ್ಟು, "ನೀನು ಹೇಳದಿದ್ದದ್ದನ್ನು ನಾವು ಹೇಳುತ್ತಿರುತ್ತೇವೆ ತಾಯೀ" ಎಂದಷ್ಟೇ ಹೇಳಿದರು.

ಹನ್ನೊಂದು ತಿಂಗಳಾದ ಮೇಲೆ ಒಂದು ಸಂಜೆ, ವಿಶೇಷವಾದ ದಿನವೇನೂ ಅಲ್ಲ, ಹೊರಗೆ ಸೋನೆ ಮಳೆ ಹಿಡಿದಿತ್ತು, ಒಲೆಯ ಮೇಲೆ ಹುರುಳಿ ಬೇಯುತ್ತಿತ್ತು, ಆ ವಾಕ್ಯದಲ್ಲಿ ತಾಯಿಯವರ ದನಿ ಇತ್ತು. ಅಂದು ಏನಾಯಿತೆಂದು ನಾನು ದೊಡ್ಡವನಾದ ಮೇಲೆ ಕೇಳಿದೆ. "ಏನೂ ಆಗಲಿಲ್ಲ ಕಣೋ. ನೀವೆಲ್ಲ ಅಷ್ಟು ದಿನ ನನ್ನ ಪಾಲಿನದನ್ನೂ ಹೊತ್ತಿದ್ರಿ. ಸಾಕು ಅನ್ನಿಸ್ತು" ಎಂದರು. ಮಗಳು ಹೋದದ್ದು ಸರಿಯಾಯಿತೆಂದು ಅವರು ಎಂದೂ ಹೇಳಲಿಲ್ಲ, ತಮ್ಮ ಕೊನೆಗಾಲದವರೆಗೂ.

ಕ್ರೈಸ್ತ ನಂಬಿಕೆಯಿಂದ ಮನಸ್ಸಿಗೆ ನೆಮ್ಮದಿ ಸಿಗುತ್ತದೆಂದು ಬರೆಯುವವರು ಬಹಳ ಮಂದಿ ಇದ್ದಾರೆ. ಅಂಥ ಬರಹಗಳನ್ನು ಓದಿದಾಗ ನನಗೆ ಆ ಹನ್ನೊಂದು ತಿಂಗಳ ಮೌನ ನೆನಪಾಗುತ್ತದೆ. ಔಷಧಿ ಕುಡಿದಂತೆ ನೆಮ್ಮದಿ ಇಳಿಯುವುದನ್ನು ನಾನು ನಮ್ಮ ಮನೆಯಲ್ಲಿ ಕಾಣಲಿಲ್ಲ. ಒಬ್ಬರು ಹೇಳಲಾರದ ಮಾತನ್ನು ಉಳಿದವರು ಹೇಳುತ್ತ ಹೋಗುವುದನ್ನು ಕಂಡೆ. ಆ ಹೊತ್ತಿಗೆ ಹೊರಗಿನವರೂ ಅದಕ್ಕೆ ಸೇರುತ್ತಿದ್ದರು. ಹೊಲದ ಬದುವನ್ನು ಬಿಟ್ಟುಕೊಟ್ಟ ಗೌಡರು ಕ್ರೈಸ್ತರಲ್ಲ. ತಿಂಗಳುಗಟ್ಟಲೆ ಮಧ್ಯಾಹ್ನದ ಹೊತ್ತಿಗೆ ಹುಣಿಸೆಹಣ್ಣು ಬಿಡಿಸುವ ನೆಪದಲ್ಲಿ ಬಂದು ತಾಯಿಯವರ ಬಳಿ ಸುಮ್ಮನೆ ಕೂರುತ್ತಿದ್ದ ಪಕ್ಕದ ಮನೆಯ ಲಿಂಗಾಯತರ ಅಜ್ಜಿಯೂ ಕ್ರೈಸ್ತರಲ್ಲ.

ತರೀಕೆರೆಯ ವಿಷಯ ಹೇಳದೆ ಹೋದರೆ ಅಲ್ಲಿನ ಶಿಷ್ಯರು ಮುನಿಸಿಕೊಂಡಾರು. ಅಲ್ಲಿ ಇದ್ದವರು ನಮ್ಮ ಸೋದರತ್ತೆ. 1906ರಲ್ಲಿ ಮೈಸೂರಿನಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ (ಮೈಸೂರಿನವರು ಮಿಷನ್ ಆಸ್ಪತ್ರೆಯೆಂದೇ ಹೇಳುತ್ತಾರೆ) ತರಬೇತಾಗಿ ಬಂದ ದಾದಿ. ತರೀಕೆರೆಯ ಸುತ್ತಮುತ್ತ ಅವರ ಕೈಯಲ್ಲಿ ಹುಟ್ಟಿದ ಮಕ್ಕಳಲ್ಲಿ ಕೆಲವರು ಇದನ್ನು ಓದುತ್ತಿರಲೂಬಹುದು. ಹೆರಿಗೆಗೆ ಕರೆ ಬಂದರೆ ಹೊರಡುವ ಮುನ್ನ ಬಾಗಿಲ ಬಳಿ ಒಂದು ಕ್ಷಣ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಏನೆಂದು ಪ್ರಾರ್ಥಿಸುತ್ತೀರಿ ಅತ್ತೆ ಎಂದರೆ, "ಎರಡು ಜೀವ ಎರಡಾಗಿಯೇ ಇರಲಿ ಅಂತ. ಆಮೇಲೆ ಕೈ ತೊಳೆಯೋದು ಮರೀಬಾ‌ರದು ಅಂತ" ಎನ್ನುತ್ತಿದ್ದರು. ಅತ್ತೆಯ ದೇವತಾಶಾಸ್ತ್ರವೆಲ್ಲ ಇಷ್ಟೇ. ಅಲ್ಲಿ ನನ್ನ ಸಹೋದ್ಯೋಗಿಯೊಬ್ಬರು ತೋಟದ ಕಡೆಯ ಕಥೋಲಿಕರು. ಎರಡನೆಯ ವ್ಯಾಟಿಕನ್ ಮಹಾಸಭೆ 1962ರಿಂದ 65ರವರೆಗೆ ನಡೆದ ಮೇಲೆ ಪೂಜೆ ಲ್ಯಾಟಿನ್ ಭಾಷೆಯಿಂದ ಕನ್ನಡಕ್ಕೆ ಬಂದಾಗ ಅವರ ತಾಯಿ, "ಇಷ್ಟು ವರ್ಷ ದೇವರು ನಮ್ಮ ಮಾತು ಕೇಳ್ತಿದ್ದ, ಈಗ ಅವನ ಮಾತು ನಮಗೂ ತಿಳಿಯೋ ಹಾಗಾಯ್ತು" ಎಂದರಂತೆ.

ಕ್ರೈಸ್ತರು ಕನ್ನಡಕ್ಕೆ ಏನು ಮಾಡಿದರೆಂದರೆ ಎಲ್ಲರೂ ಕಿಟ್ಟೆಲರ 1894ರ ನಿಘಂಟನ್ನು ಹೇಳುತ್ತಾರೆ. ನಾನು ಉತ್ತಂಗಿ ಚನ್ನಪ್ಪನವರನ್ನೂ ಸೇರಿಸುತ್ತೇನೆ. ಬಾಸೆಲ್ ಮಿಷನ್ನಿನ ಈ ಪಾದ್ರಿ ಊರೂರು ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಆದರೆ ನಮ್ಮ ಶಾಲೆಗಳೊಳಕ್ಕೆ ಯಾರ ಅಪ್ಪಣೆಯನ್ನೂ ಕೇಳದೆ ಬಂದ ಒಂದು ಕ್ರೈಸ್ತ ಪ್ರಾರ್ಥನೆ ಇದೆ. ಅದು ನಿಮಗೆಲ್ಲರಿಗೂ ಕಂಠಪಾಠ: ಕರುಣಾಳು ಬಾ ಬೆಳಕೆ. ಕಡೂರಿನ ಶಾಲೆಯಲ್ಲಿ ಬೆಳಗಿನ ಸಾಲಿನಲ್ಲಿ ನಿಂತು ನೀವು ಹಾಡುತ್ತಿದ್ದಿರಿ. ಇದನ್ನು ಇಂಗ್ಲಿಷಿನಲ್ಲಿ ಬರೆದವರು ಜಾನ್ ಹೆನ್ರಿ ನ್ಯೂಮನ್. 1833ರಲ್ಲಿ, ತಮ್ಮ 32ನೆಯ ವಯಸ್ಸಿನಲ್ಲಿ, ಸಿಸಿಲಿಯಲ್ಲಿ ಜ್ವರ ಬಂದು ಸಾವಿನ ಬಾಗಿಲಿಗೆ ಹೋಗಿ ಉಳಿದು, ಕಿತ್ತಳೆಹಣ್ಣು ಸಾಗಿಸುವ ಹಡಗೊಂದನ್ನು ಹಿಡಿದು ಊರಿಗೆ ಹೊರಟಿದ್ದರು. ಬೊನಿಫಾಸಿಯೋ ಜಲಸಂಧಿಯಲ್ಲಿ ಗಾಳಿ ನಿಂತು ಹಡಗು ಒಂದು ವಾರ ಕದಲಲಿಲ್ಲ. ಆಗ ಬರೆದದ್ದು. ಆ ಹೊತ್ತಿಗೆ ಅವರು ಆಂಗ್ಲಿಕನ್ ಪಾದ್ರಿ. 1845ರಲ್ಲಿ ಕಥೋಲಿಕರಾದರು, ಮುಂದೆ ಕಾರ್ಡಿನಲ್ ಆದರು, 2019ರಲ್ಲಿ ಸಂತರೆಂದು ಘೋಷಿತರಾದರು. ನಮ್ಮ ಬಿ.ಎಂ. ಶ್ರೀಕಂಠಯ್ಯನವರು 'ಇಂಗ್ಲಿಷ್ ಗೀತಗಳು' ಸಂಗ್ರಹದಲ್ಲಿ ಇದನ್ನು ಕನ್ನಡಕ್ಕೆ ತಂದರು. ಎಷ್ಟು ಸಹಜವಾಗಿ ತಂದರೆಂದರೆ ಇದು ಅನುವಾದವೆಂಬುದೇ ಮರೆತುಹೋಗಿದೆ. ಗಾಂಧೀಜಿಯವರಿಗೂ ಮೂಲಗೀತೆ ಬಹು ಪ್ರಿಯವಾಗಿತ್ತು.

ನಿಂತುಹೋದ ಹಡಗಿನಲ್ಲಿ ಕುಳಿತವನ ಪ್ರಾರ್ಥನೆ ಅದು. ದೂರದ ದಡ ಕಾಣಲೆಂದು ಅವನು ಕೇಳುವುದಿಲ್ಲ. ಮುಂದಿನ ಕಾಲಿಡುವಷ್ಟು ಜಾಗ ಕಂಡರೆ ಸಾಕೆನ್ನುತ್ತಾನೆ. ಎಂಟನೆಯ ತರಗತಿಗೆ ಇದನ್ನು ವಿವರಿಸುವಾಗ ನನ್ನ ಕಣ್ಣ ಮುಂದೆ ಲಾಟೀನು ಹಿಡಿದ ತಾತನೇ ಬರುತ್ತಿದ್ದರು. ಪಾಯಿಂಟ್ಸ್‌ಮನ್ನನ ಲಾಟೀನಿನ ಬೆಳಕು ನಾಲ್ಕು ಸ್ಲೀಪರುಗಳ ಆಚೆಗೆ ಹೋಗುತ್ತಿರಲಿಲ್ಲ. ಅದನ್ನು ಹಿಡಿದುಕೊಂಡೇ ಅವರು ಮೂವತ್ತು ವರ್ಷ ಗಾಡಿಗಳನ್ನು ಸರಿಯಾದ ಹಳಿಗೆ ಬಿಟ್ಟರು. ಆ ಪ್ರಾರ್ಥನೆ ಕ್ರೈಸ್ತರದೆಂದು ನಾನು ಹೇಳಿದ ದಿನ ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಹಂಗಾದ್ರೆ ನಾಳೆಯಿಂದ ಬಿಡಬೇಕಾ ಸಾರ್?" ಎಂದು ಬಹಳ ಆಸೆಯಿಂದ ಕೇಳಿದ. ಬಿಡಬೇಕಾಗಿಲ್ಲವೆಂದು ತಿಳಿದಾಗ ಅವನಿಗಾದ ನಿರಾಶೆ ಧಾರ್ಮಿಕ ಕಾರಣದ್ದಲ್ಲ. (ಅವನು ಈಗ ದೊಡ್ಡ ಇಂಜಿನಿಯರು, ಇದನ್ನು ಓದಿ ನಗುತ್ತಾನೆಂದು ಬಲ್ಲೆ.)

ಕಾಗದ ಬರೆದ ಮಿತ್ರರಿಗೆ ಇಷ್ಟು ಸಾಕೆಂದು ಭಾವಿಸುತ್ತೇನೆ. ಬಂಧುಗಳಲ್ಲಿ ಒಂದು ಬೇಡಿಕೆ ಇದೆ. ಮುತ್ತಜ್ಜನ ಸತ್ಯವೇದದ ಮೊದಲ ಪುಟದಲ್ಲಿ ಮನೆಯವರ ಜನನ, ಮದುವೆ, ಮರಣಗಳನ್ನು ಬರೆದಿಡುವ ಪದ್ಧತಿ ಇತ್ತು. ಆ ಪುಸ್ತಕ 1970ರ ಸುಮಾರಿಗೆ ಬೀರೂರಿನ ಮನೆಯನ್ನು ಬಿಟ್ಟುಕೊಟ್ಟಾಗ ಪಾಲಿನಲ್ಲಿ ಯಾರ ಪೆಟ್ಟಿಗೆಗೋ ಸೇರಿತು. ರಟ್ಟು ಕಳಚಿದೆ, ಚರ್ಮದ ಬೆನ್ನು ಇದೆ, ಬದಿಯಲ್ಲಿ ಒಂದು ಸುಟ್ಟ ಗುರುತಿದೆ. ಭದ್ರಾವತಿಯವರು, ಶಿವಮೊಗ್ಗದವರು ಒಮ್ಮೆ ಅಟ್ಟದ ಮೇಲೆ ನೋಡಬೇಕು. ಪುಸ್ತಕವನ್ನು ಕಳುಹಿಸಬೇಕಾಗಿಲ್ಲ, ನಿಮ್ಮಲ್ಲಿಯೇ ಇರಲಿ. ಮೊದಲ ಪುಟವನ್ನು ಓದಿ ಹೇಳಿದರೆ ಸಾಕು. ಪ್ಲೇಗಿನಲ್ಲಿ ಹೋದ ಆ ಹುಡುಗನ ಹೆಸರು ನಮ್ಮಲ್ಲಿ ಯಾರಿಗೂ ತಿಳಿದಿಲ್ಲ, ಅದು ಅಲ್ಲಿ ಬರೆದಿರುತ್ತದೆ.